ಆಟ ಕಂಡಿತು, ಸದ್ದೆಲ್ಲಿ?



ಕಂಪ್ಯೂಟರಿನಲ್ಲಿ ಆಟ ಆಡುತ್ತಲೇ ಅದನ್ನು ರೆಕಾರ್ಡ್ ಮಾಡಿ, ಕತ್ತರಿಸಿ, ಜೋಡಿಸಿ ಯೂಟ್ಯೂಬಿಗೆ ಏರಿಸುವವರು ನಿಮ್ಮ ಮನೆಯಲ್ಲೂ ಇರಬಹುದು. ಇದ್ದರೆ ಈ ತಾಪತ್ರಯದ ಪರಿಚಯ ಅವರಿಗಿರುತ್ತದೆ. ಫೈಲನ್ನು ಪ್ಲೇಯರಿಗೆ ಹಾಕಿದರೆ ಚಿತ್ರವೂ ಇದೆ, ಸದ್ದೂ ಇದೆ. ಅದನ್ನೇ ಎಡಿಟಿಂಗ್ ಸಾಫ್ಟ್‌ವೇರಿಗೆ ಎಳೆದರೆ ಚಿತ್ರ ಮಾತ್ರ ಬರುತ್ತದೆ, ಸದ್ದಿನ ಪಟ್ಟಿ ಖಾಲಿ. ಇಲ್ಲವೇ ಸದ್ದು ಬರುತ್ತದೆ, ಹತ್ತು ನಿಮಿಷ ಕಳೆಯುವಷ್ಟರಲ್ಲಿ ಶತ್ರು ಸತ್ತು ಬಿದ್ದ ಮೇಲೆ ಗುಂಡಿನ ಶಬ್ದ ಕೇಳುತ್ತದೆ. ಹಾಳಾಗಿರುವುದು ಫೈಲೂ ಅಲ್ಲ, ಕಂಪ್ಯೂಟರೂ ಅಲ್ಲ. ಬೇರೆ ಬೇರೆ ಕಾಲದ ಜನ ತಂತಮ್ಮ ಅನುಕೂಲಕ್ಕೆ ಮಾಡಿಕೊಂಡ ತೀರ್ಮಾನಗಳು ಆ ಒಂದು ಫೈಲಿನೊಳಗೆ ಜಗಳವಾಡುತ್ತಿವೆ, ಅಷ್ಟೇ. ಆ ಜಗಳದ ಮೂಲ ಹುಡುಕುವುದು ಇವತ್ತಿನ ಮಾತು.

ಆಟದ ರೆಕಾರ್ಡಿಂಗಿಗೆ ಸದ್ದಿನ ಕಾಟವೇ ಇಲ್ಲದ ಒಂದು ಕಾಲವಿತ್ತು. 1993ರ ಡಿಸೆಂಬರಿನಲ್ಲಿ ಬಂದ ‘ಡೂಮ್’ ಆಟ ತನ್ನ ರೆಕಾರ್ಡಿಂಗಿನಲ್ಲಿ ಚಿತ್ರವನ್ನೂ ಇಡುತ್ತಿರಲಿಲ್ಲ, ಶಬ್ದವನ್ನೂ ಇಡುತ್ತಿರಲಿಲ್ಲ. ಸೆಕೆಂಡಿಗೆ 35 ಸಲ, ಆಟಗಾರ ಯಾವ ಕಡೆ ತಿರುಗಿದ, ಯಾವಾಗ ಗುಂಡು ಹಾರಿಸಿದ ಎಂಬುದನ್ನಷ್ಟೇ ಬರೆದಿಟ್ಟುಕೊಳ್ಳುತ್ತಿತ್ತು. ಮತ್ತೆ ನೋಡುವಾಗ ಆಟವೇ ಆ ಟಿಪ್ಪಣಿ ಹಿಡಿದು ಎಲ್ಲವನ್ನೂ ಮೊದಲಿನಿಂದ ಆಡಿ ತೋರಿಸುತ್ತಿತ್ತು, ಸದ್ದನ್ನೂ ಆಗಲೇ ಹೊರಡಿಸುತ್ತಿತ್ತು. 1996ರಲ್ಲಿ ‘ಕ್ವೇಕ್’ ಆಟದೊಳಗೆ ತಯಾರಾದ ‘ಡೈರಿ ಆಫ್ ಎ ಕ್ಯಾಂಪರ್’ ಎಂಬ ಪುಟ್ಟ ಸಿನಿಮಾ ಕೂಡ ವಿಡಿಯೋ ಆಗಿರದೆ, ಆಟವೇ ತೆರೆದು ತೋರಿಸಬೇಕಾದ ಡೆಮೊ ಫೈಲಾಗಿ ಕೈಯಿಂದ ಕೈಗೆ ಹೋಯಿತು. ಬೇರೊಂದು ತಕರಾರು ಇತ್ತೆನ್ನಿ: ‘ಡೂಮ್’ನ ಆವೃತ್ತಿ ಬದಲಾದರೆ ಹಳೆಯ ಟಿಪ್ಪಣಿ ತಾಳೆಯಾಗುತ್ತಿರಲಿಲ್ಲ, ಮಹಾವೀರನಾದವನು ಗೋಡೆಗೆ ಹಣೆ ಚಚ್ಚಿಕೊಳ್ಳುತ್ತ ನಿಂತುಬಿಡುತ್ತಿದ್ದ.

ಆಟವೇ ಇಲ್ಲದವರಿಗೂ ತೋರಿಸಬೇಕು ಅನ್ನಿಸಿದಾಗ ವಿಡಿಯೋ ಮಾಡದೆ ಗತಿಯಿರಲಿಲ್ಲ. 1999ರಲ್ಲಿ ಬಂದ ‘ಫ್ರ್ಯಾಪ್ಸ್’ ಎಂಬ ಪುಟ್ಟ ತಂತ್ರಾಂಶಕ್ಕೆ ಸೆಕೆಂಡಿಗೆ ಎಷ್ಟು ಫ್ರೇಮ್ ಓಡುತ್ತಿದೆ ಎಂದು ಎಣಿಸುವುದು ಮುಖ್ಯ ಕೆಲಸ. ಮುಂದೆ ಅದು ಪರದೆಯನ್ನು ರೆಕಾರ್ಡ್ ಮಾಡುವುದಕ್ಕೇ ಹೆಸರಾಯಿತು. ಅದು ಬರೆಯುತ್ತಿದ್ದ ಎವಿಐ ಫೈಲುಗಳು ಮಹಾ ದಪ್ಪ. ಒಂದೊಂದನ್ನೂ ಸುಮಾರು 4 ಜಿಬಿಗೆ ತುಂಡು ಮಾಡುತ್ತಿತ್ತು. ಜಾಗ ಉಳಿಸಲು ಜನ ಅದನ್ನು ಒತ್ತಿ ಸಣ್ಣದು ಮಾಡಿದರು, ಸದ್ದನ್ನು ಎಂಪಿ3 ಮಾಡಿದರು. ಅಲ್ಲಿಂದ ಶುರುವಾಯಿತು ಕಥೆ.

ಎವಿಐ, ಎಂಪಿ4, ಎಂಕೆವಿ, ಇವೆಲ್ಲ ಬರೀ ಡಬ್ಬಿಗಳ ಹೆಸರು. ನಮ್ಮ ಅಡುಗೆಮನೆಗಳಲ್ಲಿ ಬೋರ್ನ್‌ವಿಟಾ ಡಬ್ಬಿ ತೆಗೆದರೆ ಒಳಗೆ ಸಾಸಿವೆ ಇರುವುದಿಲ್ಲವೇ, ಹಾಗೆ. ಹೊರಗಿನ ಹೆಸರು ಓದಿ ಒಳಗಿನ ಸದ್ದು ಯಾವ ಜಾತಿಯದು ಎಂದು ಹೇಳಲಾಗದು. ಎವಿಐಯನ್ನು ಮೈಕ್ರೋಸಾಫ್ಟ್ ತಂದದ್ದು 1992ರಲ್ಲಿ. ಆಗ ಸದ್ದೆಂದರೆ ಸೆಕೆಂಡಿಗೆ ಇಂತಿಷ್ಟು ಬೈಟ್ ಎಂದು ಒಂದೇ ಸಮನೆ ಹರಿಯುವ ವಸ್ತು. ಎಂಪಿ3ಯಲ್ಲಿ ಇನ್ನೊಂದು ಬಗೆಯಿದೆ. ಗದ್ದಲವಿದ್ದಲ್ಲಿ ಹೆಚ್ಚು ಬೈಟ್, ಮೌನವಿದ್ದಲ್ಲಿ ಕಡಿಮೆ. ಈ ಏರಿಳಿತದ ಎಂಪಿ3 ಎವಿಐಯ ಲೆಕ್ಕಕ್ಕೆ ಒಗ್ಗಲಿಲ್ಲ. ಸದ್ದು ಮೆಲ್ಲಗೆ ಜಾರತೊಡಗಿತು. ಆವೆರಿ ಲೀ ಎಂಬ ಕಾಲೇಜು ವಿದ್ಯಾರ್ಥಿ 2000ದಲ್ಲಿ ಬಿಡುಗಡೆ ಮಾಡಿದ ‘ವರ್ಚುವಲ್‌ಡಬ್’ ಎಂಬ ಎಡಿಟಿಂಗ್ ತಂತ್ರಾಂಶ ಇಂಥ ಫೈಲು ಕಂಡೊಡನೆ ಎಚ್ಚರಿಕೆಯ ಕಿಟಕಿ ತೆರೆಯುತ್ತಿತ್ತು. ಆ ಕಾಲದಲ್ಲಿ ಎಡಿಟಿಂಗ್ ಕಲಿತವರಿಗೆ ಆ ಕಿಟಕಿಯ ನೆನಪು ಮಾಸಿರಲಾರದು. ಮದ್ದು ಸರಳ: ಸದ್ದನ್ನು ಒತ್ತದ ಪಿಸಿಎಂ ಆಗಿ, ಅಂದರೆ ಮಾಮೂಲಿ ವೇವ್ ಫೈಲಾಗಿ ಬಿಡಿಸಿಕೊಂಡು ಆಮೇಲೆ ಕತ್ತರಿ ಹಿಡಿಯುವುದು.

ಇದಕ್ಕಿಂತ ಹಳೆಯ ಜಗಳ ಎರಡು ಸಂಖ್ಯೆಗಳದು. ಸಿ.ಡಿ.ಯ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದಿಡುತ್ತಾರೆ. ವಿಡಿಯೋ ಪ್ರಪಂಚದಲ್ಲಿ 48,000 ಸಲ. ಈ 44,100 ಎಂಬ ವಿಚಿತ್ರ ಸಂಖ್ಯೆ ಯಾರ ಕಿವಿಯನ್ನೂ ಪರೀಕ್ಷೆ ಮಾಡಿ ಬಂದದ್ದಲ್ಲ. ಕಿವಿಗೆ 40,000ಕ್ಕಿಂತ ತುಸು ಹೆಚ್ಚಾದರೆ ಸಾಕಿತ್ತು. 1970ರ ದಶಕದ ಕೊನೆಯಲ್ಲಿ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಮೀರಿದ ಬಿಟ್‌ಗಳನ್ನು ಹಿಡಿದಿಡಲು ಕೈಗೆಟುಕುವ ಸಾಧನವೆಂದರೆ ವಿಡಿಯೋ ಟೇಪು. ಸೋನಿ ಕಂಪನಿಯವರು ಸದ್ದಿನ ಅಂಕಿಗಳನ್ನು ಕಪ್ಪು ಬಿಳಿ ಚುಕ್ಕಿಗಳ ಚಿತ್ರವಾಗಿಸಿ ಆ ಟೇಪಿನ ಮೇಲೆ ಬರೆದರು. ಟಿ.ವಿ. ಚಿತ್ರದ ಒಂದು ಗೆರೆಗೆ 3 ಅಳತೆ. ಜಪಾನ್, ಅಮೆರಿಕದ ಪದ್ಧತಿಯಲ್ಲಿ ಬಳಸಬಹುದಾದ 245 ಗೆರೆ, ಸೆಕೆಂಡಿಗೆ 60 ಸಲ. ಗುಣಿಸಿ ನೋಡಿ, 44,100. ನಮ್ಮ ದೂರದರ್ಶನ ಒಪ್ಪಿಕೊಂಡ ಪಾಲ್ ಪದ್ಧತಿಯಲ್ಲಿ 294 ಗೆರೆ, ಸೆಕೆಂಡಿಗೆ 50 ಸಲ, ಮತ್ತೆ 3ರಿಂದ ಗುಣಿಸಿ. ಅದೂ 44,100! ಎರಡು ಪದ್ಧತಿಗೂ ಹೊಂದಿದ ಸಂಖ್ಯೆಯೇ 1982ರಲ್ಲಿ ಸಿ.ಡಿ.ಯ ಮೇಲೆ ಏರಿ ಲೋಕಸಂಚಾರ ಹೊರಟಿತು.

ಸಿನಿಮಾ, ಟಿ.ವಿ.ಯವರಿಗೆ ಬೇಕಾದದ್ದು ಬೇರೆ. ಒಂದೊಂದು ಫ್ರೇಮಿನ ಪಾಲಿಗೆ ಸದ್ದಿನ ಅಳತೆ ಪೂರ್ಣಾಂಕವಾಗಿ ಬರಬೇಕು. 48,000ವನ್ನು 24ರಿಂದ ಭಾಗಿಸಿದರೆ 2,000, 25ರಿಂದ 1,920, 30ರಿಂದ 1,600. 44,100ನ್ನು ಸಿನಿಮಾದ 24ರಿಂದ ಭಾಗಿಸಿದರೆ ಕೊನೆಗೊಂದು ಅರ್ಧ ಉಳಿಯುತ್ತದೆ. ಅರ್ಧ ಅಳತೆಯನ್ನು ಕತ್ತರಿಸುವುದೆಲ್ಲಿ?

ಆಟದ ವಿಡಿಯೋ ಮಾಡುವವನ ಮೇಜಿನ ಮೇಲೆ ಈ ಎರಡೂ ಬಂದು ಕೂತವು. ಆಟದ ಸದ್ದು 48,000, ಹಿನ್ನೆಲೆಗೆ ತಂದ ಹಾಡು 44,100. ಒಳ್ಳೆಯ ಎಡಿಟರ್ ತಾನೇ ಪರಿವರ್ತಿಸಿಕೊಳ್ಳುತ್ತದೆ. ಎಲ್ಲೋ ಒಂದು ಕಡೆ ಸೆಟ್ಟಿಂಗ್ ತಪ್ಪಿ 44,100ರ ಸದ್ದನ್ನು 48,000 ಎಂದೇ ನಂಬಿ ಓಡಿಸಿದರೆ ಹತ್ತು ನಿಮಿಷದ ಮಾತು 9 ನಿಮಿಷ 11 ಸೆಕೆಂಡಿಗೆ ಮುಗಿಯುತ್ತದೆ. ಶ್ರುತಿಯೂ ಸುಮಾರು ಒಂದೂವರೆ ಸ್ವರಸ್ಥಾನ ಏರಿ, ಗಡಸು ದನಿಯವನು ಹೈಸ್ಕೂಲಿನ ಹುಡುಗನಂತೆ ಕೇಳಿಸುತ್ತಾನೆ. ಸದ್ದು ಹೀಗೆ ಏರಿದ್ದರೆ ಅಥವಾ ಇಳಿದಿದ್ದರೆ ಮೊದಲು ನೋಡಬೇಕಾದದ್ದು ಈ ಎರಡು ಸಂಖ್ಯೆಗಳನ್ನು.

ಶ್ರುತಿ ಸರಿಯಿದ್ದು ಹೊಂದಿಕೆ ಮಾತ್ರ ತಪ್ಪುತ್ತಿದ್ದರೆ ಕಾರಣ ಬೇರೆ. ಪರದೆ ರೆಕಾರ್ಡ್ ಮಾಡುವ ಸಾಧನಗಳಲ್ಲಿ ಎಷ್ಟೋ, ಎನ್‌ವಿಡಿಯಾ 2013ರಲ್ಲಿ ತಂದ ‘ಶ್ಯಾಡೋಪ್ಲೇ’ಯೂ ಸೇರಿ, ಫ್ರೇಮುಗಳನ್ನು ಒಂದೇ ವೇಗದಲ್ಲಿ ಇಡುವುದಿಲ್ಲ. ಆಟ ತಡವರಿಸಿದರೆ ಫ್ರೇಮೂ ವಿರಳ. ಸೆಕೆಂಡಿಗೆ ನೇರ 60 ಎಂದು ಎಣಿಸುವ ಎಡಿಟರ್ ಅಲ್ಲಿ ಎಡವುತ್ತದೆ. ಬೈಗುಳ ಸದ್ದಿಗೆ, ತಪ್ಪು ಚಿತ್ರದ್ದು. ‘ಹ್ಯಾಂಡ್‌ಬ್ರೇಕ್’ನಂಥ ತಂತ್ರಾಂಶದಿಂದ ಸ್ಥಿರ ಫ್ರೇಮ್ ವೇಗಕ್ಕೆ ತಂದುಕೊಂಡರೆ ತಂಟೆ ತೀರಿತು. ಯುಎಸ್‌ಬಿ ಮೈಕನ್ನು ಬೇರೆಯಾಗಿ ರೆಕಾರ್ಡ್ ಮಾಡುವವರಿಗೆ ಮೂರನೆಯ ಕಾಟವೂ ಉಂಟು: ಮೈಕಿನೊಳಗಿನ ಹರಳಿನ ಗಡಿಯಾರವೇ ಬೇರೆ, ಕಂಪ್ಯೂಟರಿನದೇ ಬೇರೆ. ಹತ್ತು ಲಕ್ಷದಲ್ಲಿ 50 ಪಾಲು ವ್ಯತ್ಯಾಸವಿದ್ದರೂ ಗಂಟೆಗೆ 0.18 ಸೆಕೆಂಡ್ ಜಾರುತ್ತದೆ.

ಇನ್ನು ಸದ್ದೇ ಬಾರದ ಕಥೆ. ಎಂಪಿ4 ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದು ಎಎಸಿ ಸದ್ದು, 1997ರಲ್ಲಿ ಮಾನಕವಾದದ್ದು. ಅದನ್ನು ಬಿಚ್ಚುವ ಸಲಕರಣೆಯನ್ನು ವಿಂಡೋಸ್, ಮ್ಯಾಕ್ ತಾವೇ ಒದಗಿಸುತ್ತವೆ. ಲಿನಕ್ಸಿನಲ್ಲಿ ಹಾಗಿಲ್ಲ, ಮೇಲೆ ಪೇಟೆಂಟ್ ಪರವಾನಗಿಯ ರಗಳೆ. ‘ಡಾವಿಂಚಿ ರಿಸಾಲ್ವ್’ ಎಂಬ ಎಡಿಟರಿನ ಲಿನಕ್ಸ್ ಆವೃತ್ತಿ ಬಹುಕಾಲ ಎಎಸಿಯನ್ನು ಓದುತ್ತಲೇ ಇರಲಿಲ್ಲ. ಪ್ಲೇಸ್ಟೇಷನ್ 5 ಉಳಿಸಿಕೊಡುವ ವೆಬ್‌ಎಂ ಫೈಲಿನ ಓಪಸ್ ಸದ್ದಿಗೂ ಹಲವು ಎಡಿಟರುಗಳಲ್ಲಿ ಇದೇ ಗತಿ. ಇದಕ್ಕೆಲ್ಲ ನನ್ನ ಮಟ್ಟಿಗೆ ಉತ್ತಮ ಔಷಧಿ ಫಾಬ್ರಿಸ್ ಬೆಲಾರ್ 2000ದಲ್ಲಿ ಶುರುಮಾಡಿದ ತಂತ್ರಾಂಶ ‘ಎಫ್‌ಎಫ್‌ಎಂಪೆಗ್’. ಎಂಪಿ4ರ ಚಿತ್ರವನ್ನು ಮುಟ್ಟದೆ ಹಾಗೇ ನಕಲಿಸು, ಸದ್ದನ್ನು ಮಾತ್ರ 48,000ದ ಪಿಸಿಎಂ ಮಾಡಿ ಎಂಓವಿ ಡಬ್ಬಿಗೆ ಹಾಕು ಎಂದು ಒಂದು ಸಾಲಿನ ಆಜ್ಞೆ ಕೊಟ್ಟರಾಯಿತು. ಚಿತ್ರದ ಗುಣ ಒಂದಿಷ್ಟೂ ಕೆಡುವುದಿಲ್ಲ. ಸದ್ದಿಗೆ ಗಂಟೆಗೆ ಸುಮಾರು 690 ಎಂಬಿ ಜಾಗ ಹೋಗುತ್ತದೆ, ಇವತ್ತಿನ ಹಾರ್ಡ್‌ಡಿಸ್ಕಿಗೆ ಅದು ಯಾವ ಲೆಕ್ಕ. ಇಡೀ ವಿಡಿಯೋವನ್ನೇ ಕಂಡಕಂಡ ‘ಕನ್ವರ್ಟರ್’ಗಳಿಗೆ ಕೊಟ್ಟು ಮಸುಕು ಮಾಡಿಕೊಳ್ಳುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

2012ರಿಂದ ಬೆಳೆದ ‘ಓಬಿಎಸ್’ ಎಂಬ ರೆಕಾರ್ಡಿಂಗ್ ತಂತ್ರಾಂಶ ಹಳಬರ ಪಾಡನ್ನು ಕಂಡು ರೂಪುಗೊಂಡಂತಿದೆ. ಎಂಪಿ4 ಬರೆಯುವಾಗ ಕರೆಂಟ್ ಹೋದರೆ ಫೈಲಿನ ಸೂಚಿಯೇ ಬರೆಯಲ್ಪಡದೆ ಆಟವೆಲ್ಲ ನೀರುಪಾಲು. ಅದಕ್ಕೇ ಎಂಕೆವಿಯಲ್ಲಿ ರೆಕಾರ್ಡ್ ಮಾಡಿ, ಮುಗಿದ ಮೇಲೆ ಡಬ್ಬಿ ಮಾತ್ರ ಬದಲಿಸುವ ಸೌಲಭ್ಯ ಅದರಲ್ಲಿದೆ. 2024ರಲ್ಲಿ ಈ ಅಪಾಯವಿಲ್ಲದ ಹೈಬ್ರಿಡ್ ಎಂಪಿ4 ಕೂಡ ಬಂತು. ಸದ್ದಿಗೆ ಆರು ಪಟ್ಟಿಗಳಿವೆ: ಆಟದ್ದೊಂದು, ನಿಮ್ಮ ಮಾತಿನದೊಂದು, ಗೆಳೆಯರ ಹರಟೆಯದೊಂದು ಎಂದು ಬೇರೆ ಬೇರೆ ಇಟ್ಟುಕೊಂಡರೆ ಗೆಳೆಯ ಕೆಮ್ಮಿದ್ದನ್ನು ಮಾತ್ರ ಅಳಿಸಬಹುದು. ಆದರೆ ಮಾಮೂಲಿ ಪ್ಲೇಯರ್ ಮೊದಲನೆಯ ಪಟ್ಟಿಯನ್ನಷ್ಟೇ ನುಡಿಸುವುದರಿಂದ ಮೈಕ್ ಕೆಟ್ಟಿತೆಂದು ಗಾಬರಿಯಾಗುವವರೂ ಇದ್ದಾರೆ.

ಇಷ್ಟೆಲ್ಲ ಜೋಪಾನ ಮಾಡಿದ ಸದ್ದನ್ನು ಯೂಟ್ಯೂಬ್ ಹಾಗೇ ಇಟ್ಟುಕೊಳ್ಳುವುದಿಲ್ಲ. ಮತ್ತೆ ಒತ್ತಿ ಎರಡು ಬಗೆಯ ಪ್ರತಿ ಮಾಡುತ್ತದೆ. ಓಪಸ್ ಪ್ರತಿ 48,000ದ್ದು. ಎಎಸಿ ಪ್ರತಿ ಸಾಮಾನ್ಯವಾಗಿ 44,100ರದ್ದು.