ಬಾರ್ನೆಟ್ ಸೂತ್ರ: ಹಣ ಕೊಟ್ಟವರಾರು, ಲೆಕ್ಕ ಕೇಳುವವರಾರು?



ತನ್ನದೇ ಹೆಸರು ಹೊತ್ತ ವ್ಯವಸ್ಥೆಯನ್ನು ಕಿತ್ತುಹಾಕಿ ಎಂದು ಸದನದಲ್ಲಿ ವರ್ಷಗಟ್ಟಲೆ ವಾದಿಸಿದ ಶಾಸಕರು ಅಪರೂಪ. ಬ್ರಿಟನ್ನಿನ ಜೋಯೆಲ್ ಬಾರ್ನೆಟ್ ಅಂಥವರಲ್ಲೊಬ್ಬರು. ಮ್ಯಾಂಚೆಸ್ಟರಿನ ಯಹೂದಿ ದರ್ಜಿಯೊಬ್ಬರ ಮಗ, ವೃತ್ತಿಯಿಂದ ಲೆಕ್ಕಿಗ, 1964ರಿಂದ 1983ರವರೆಗೆ ಲೇಬರ್ ಪಕ್ಷದ ಸಂಸದ. 1974ರಿಂದ 1979ರವರೆಗೆ ಅವರು ಖಜಾನೆಯ ಮುಖ್ಯ ಕಾರ್ಯದರ್ಶಿಯಾಗಿದ್ದರು. ಹೆಸರು ಅಧಿಕಾರಿಯದೆಂಬಂತೆ ಕೇಳಿಸಿದರೂ ಅದು ಮಂತ್ರಿಪದವಿ. ಪ್ರತಿ ಇಲಾಖೆಯ ಬೇಡಿಕೆಗೂ ಕತ್ತರಿ ಹಿಡಿದು ಕೂರುವ ಕೆಲಸ.

ಆ ದಶಕದ ಕೊನೆಯಲ್ಲಿ ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಿಗೆ ಪ್ರತ್ಯೇಕ ಶಾಸನಸಭೆಗಳನ್ನು ಕೊಡುವ ಮಾತು ನಡೆದಿತ್ತು. ಪ್ರತಿವರ್ಷ ಆ ಪ್ರದೇಶಗಳ ಮಂತ್ರಿಗಳೊಡನೆ ಹಣಕ್ಕಾಗಿ ಜಗ್ಗಾಡುವುದನ್ನು ತಪ್ಪಿಸಲು ಖಜಾನೆ ಒಂದು ಸರಳ ಲೆಕ್ಕ ಹಾಕಿತು. ಇಂಗ್ಲೆಂಡಿನಲ್ಲಿ ಒಂದು ಬಾಬಿನ ಖರ್ಚು 85 ಪೌಂಡ್ ಹೆಚ್ಚಿದರೆ, ಅದೇ ಬಾಬಿಗೆ ಸ್ಕಾಟ್ಲೆಂಡಿಗೆ 10, ವೇಲ್ಸ್‌ಗೆ 5. ಮುಂದೆ ಈ ಪಾಲುಗಳನ್ನು ಜನಸಂಖ್ಯೆಗೆ ಹೊಂದಿಸಿ ತಿದ್ದಲಾಯಿತು. ಸೂತ್ರ ಹಂಚುವುದು ಏರಿಕೆಯನ್ನು ಮಾತ್ರ. ಹಿಂದಿನಿಂದ ಬಂದ ಮೂಲಮೊತ್ತ ಹೇಗಿತ್ತೋ ಹಾಗೆಯೇ ಉಳಿಯುತ್ತದೆ. ಯಾವ ಪ್ರದೇಶದಲ್ಲಿ ಮುದುಕರು ಹೆಚ್ಚು, ಗಣಿ ಮುಚ್ಚಿದ ಯಾವ ಕಣಿವೆಯಲ್ಲಿ ರೋಗಿಗಳು ಹೆಚ್ಚು, ಯಾವ ದ್ವೀಪಕ್ಕೆ ಔಷಧಿ ಮುಟ್ಟಿಸಲು ದೋಣಿ ಬೇಕು ಎಂಬುದನ್ನು ಅದು ಆಗ ಕೇಳುತ್ತಲೇ ಇರಲಿಲ್ಲ.

1979ರ ಮಾರ್ಚ್ ತಿಂಗಳ ಜನಮತಗಣನೆಯಲ್ಲಿ ಶಾಸನಸಭೆಗಳ ಯೋಜನೆ ಬಿದ್ದುಹೋಯಿತು. ತೊಟ್ಟಿಲು ಕಟ್ಟಿಯಾಗಿತ್ತು, ಮಗು ಹುಟ್ಟಲಿಲ್ಲ. ತೊಟ್ಟಿಲು ಮಾತ್ರ ತೂಗುತ್ತಲೇ ಇತ್ತು. 1999ರಲ್ಲಿ ಶಾಸನಸಭೆಗಳು ನಿಜಕ್ಕೂ ಹುಟ್ಟಿದಾಗ ಅವನ್ನು ಮಲಗಿಸಿದ್ದು ಅದೇ ಹಳೆಯ ತೊಟ್ಟಿಲಿನಲ್ಲಿ. ಒಂದೆರಡು ವರ್ಷಕ್ಕೆಂದು ಮಾಡಿದ ಲೆಕ್ಕ ಇಷ್ಟು ಬಾಳುತ್ತದೆಂದು ಬಾರ್ನೆಟ್ ಊಹಿಸಿರಲಿಲ್ಲ. ಅದಕ್ಕೆ ಅವರ ಹೆಸರನ್ನು ಅಂಟಿಸಿದ್ದು ಕೂಡ ಅವರಲ್ಲ, ಡೇವಿಡ್ ಹೀಲ್ಡ್ ಎಂಬ ವಿದ್ವಾಂಸರು.

ಖಜಾನೆ ಬಿಟ್ಟ ಮೇಲೆ ಬಾರ್ನೆಟ್ 1979ರಿಂದ 1983ರವರೆಗೆ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷರಾದರು. ನಿನ್ನೆಯವರೆಗೆ ಹಣ ಕೊಡುತ್ತಿದ್ದವರು ಇಂದು ಲೆಕ್ಕ ಕೇಳುವವರಾದರು. ಆಮೇಲೆ ಲಾರ್ಡ್ಸ್ ಸಭೆಯಲ್ಲಿ ಅವರು ಮತ್ತೆ ಮತ್ತೆ ಎತ್ತಿದ ತಕರಾರಿನ ಸಾರ ಇಷ್ಟು: ಅಗತ್ಯವನ್ನು ಅಳೆಯದೆ ಹಂಚುವುದು ಅನ್ಯಾಯ, ಈ ಸೂತ್ರ ಹೋಗಬೇಕು. ಸರ್ಕಾರ ಲೇಬರ್ ಪಕ್ಷದ್ದಾಗಲಿ ಕನ್ಸರ್ವೇಟಿವ್ ಪಕ್ಷದ್ದಾಗಲಿ, ಬದಲಾಯಿಸುವ ಉದ್ದೇಶವಿಲ್ಲ ಎಂಬುದೇ ಉತ್ತರವಾಗಿತ್ತು. ಕಾರಣ ಗುಟ್ಟೇನಲ್ಲ. ಅಗತ್ಯವನ್ನು ಅಳೆಯಲು ಹೊರಟರೆ ಸ್ಕಾಟ್ಲೆಂಡಿನ ಪಾಲು ತಗ್ಗಬಹುದು, ಅಲ್ಲಿನ ಮತಗಳೂ ಜಾರಬಹುದು. ಕೊನೆಗೆ ಲಾರ್ಡ್ಸ್ ಸಭೆಯ ವಿಶೇಷ ಸಮಿತಿಯೊಂದು ವಿಚಾರಣೆ ನಡೆಸಿ, 2009ರ ಜುಲೈನಲ್ಲಿ ಬಾರ್ನೆಟ್ ಅವರ ಮಾತನ್ನೇ ಎತ್ತಿಹಿಡಿಯಿತು. ಅಗತ್ಯಾಧಾರಿತ ಹಂಚಿಕೆ ಬರಲಿ, ಅದನ್ನು ಸ್ವತಂತ್ರ ಆಯೋಗವೊಂದು ನೋಡಿಕೊಳ್ಳಲಿ ಎಂದಿತು. ವರದಿ ಕಪಾಟು ಸೇರಿತು. 2014ರ ಸೆಪ್ಟೆಂಬರಿನಲ್ಲಿ, ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ಜನಮತಗಣನೆಗೆ ಎರಡೇ ದಿನ ಉಳಿದಿದ್ದಾಗ, ಕ್ಯಾಮರೂನ್, ಮಿಲಿಬ್ಯಾಂಡ್, ಕ್ಲೆಗ್ ಮೂವರೂ ಪತ್ರಿಕೆಯೊಂದರ ಮುಖಪುಟದಲ್ಲಿ ಈ ಸೂತ್ರ ಮುಂದುವರಿಯುತ್ತದೆಂದು ವಚನವಿತ್ತರು. ತೊಂಬತ್ತರ ಬಾರ್ನೆಟ್ ಅದು ತಪ್ಪೆಂದು ಬಹಿರಂಗವಾಗಿಯೇ ಹೇಳಿದರು. ಆ ನವೆಂಬರ್ 1ರಂದು ತೀರಿಕೊಂಡರು.

ಈ ಸೂತ್ರಕ್ಕೆ ಯಾವ ಕಾಯಿದೆಯ ಬಲವೂ ಇಲ್ಲ. ಸಂಸತ್ತು ಮತ ಹಾಕಿ ಒಪ್ಪಿದ್ದಲ್ಲ. ಖಜಾನೆಯೇ ನಿಯಮ ಬರೆಯುತ್ತದೆ, ಖಜಾನೆಯೇ ಅರ್ಥ ಹೇಳುತ್ತದೆ. ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ ಹಾಕುತ್ತಿರುವ ಹೈಸ್ಪೀಡ್ ರೈಲುಮಾರ್ಗವನ್ನೇ ನೋಡಿ. ಅದರ ಒಂದು ಗಜ ಹಳಿಯೂ ವೇಲ್ಸ್‌ನಲ್ಲಿಲ್ಲ. ಆದರೆ ಖಜಾನೆಯ ಪಟ್ಟಿಯಲ್ಲಿ ಅದು ‘ಇಂಗ್ಲೆಂಡ್ ಮತ್ತು ವೇಲ್ಸ್’ ಯೋಜನೆ. ಸ್ಕಾಟ್ಲೆಂಡಿಗೂ ಉತ್ತರ ಐರ್ಲೆಂಡಿಗೂ ಅದರ ಲೆಕ್ಕದಲ್ಲಿ ಪಾಲು ಬಂತು, ವೇಲ್ಸ್‌ಗೆ ಬರಲಿಲ್ಲ. ರೈಲುಮಾರ್ಗದ ಹೊಣೆಯನ್ನು ವೇಲ್ಸ್‌ಗೆ ವಹಿಸಿಲ್ಲ ಎಂಬುದು ಕೊಟ್ಟ ಕಾರಣ. ಕಾರ್ಡಿಫಿನಲ್ಲಿ ಬಸ್ಸಿಗೆ ಕಾಯುವವರಿಗೆ ಈ ಸೂಕ್ಷ್ಮ ತಿಳಿಯುವುದಾದರೂ ಹೇಗೆ?

ಹಣ ಪಡೆಯುವ ಕಡೆಯ ಕಥೆ ಇನ್ನೂ ಕಹಿ. 2012ರಲ್ಲಿ ಉತ್ತರ ಐರ್ಲೆಂಡ್ ಮರದ ಉಂಡೆಗಳಂಥ ಇಂಧನದಿಂದ ಕಟ್ಟಡ ಬೆಚ್ಚಗಿಡುವವರಿಗೆ ಸಹಾಯಧನ ಆರಂಭಿಸಿತು. ಸಹಾಯಧನ ಇಂಧನದ ಬೆಲೆಯನ್ನೇ ಮೀರಿತ್ತು, ಮಿತಿಯೂ ಇರಲಿಲ್ಲ. ಹೆಚ್ಚು ಉರಿಸಿದಷ್ಟೂ ಹೆಚ್ಚು ಲಾಭ. ಇಂಥ ಯೋಜನೆಗೆ ಕಡಿವಾಣ ಹಾಕದಿದ್ದುದಕ್ಕೆ ಒಂದು ಕಾರಣ, ಹಣ ಲಂಡನ್ನಿನಿಂದ ಬರುತ್ತದೆ, ತಮ್ಮ ಗಂಟಿನಿಂದಲ್ಲ ಎಂಬ ಅಲ್ಲಿನ ಅಧಿಕಾರಿಗಳ ನಂಬಿಕೆ. ಊರ ದುಡ್ಡು ಯಾರಪ್ಪನ ಗಂಟು ಎಂಬ ಮಾತು ಬೆಲ್‌ಫಾಸ್ಟಿಗೂ ಸಲ್ಲುತ್ತದೆ. 2017ರ ಜನವರಿಯಲ್ಲಿ ಈ ಹಗರಣದಿಂದಾಗಿ ಉಪಮುಖ್ಯಮಂತ್ರಿ ಮಾರ್ಟಿನ್ ಮೆಗಿನ್ನೆಸ್ ರಾಜೀನಾಮೆ ಕೊಟ್ಟರು, ಸರ್ಕಾರ ಉರುಳಿತು. ಶಾಸನಸಭೆ ಮೂರು ವರ್ಷ ಬಾಗಿಲು ಹಾಕಿತು. ಅದೇ ವರ್ಷದ ಜೂನಿನಲ್ಲಿ ಬಹುಮತ ಕಳೆದುಕೊಂಡ ತೆರೇಸಾ ಮೇ, ಡಿಯುಪಿ ಪಕ್ಷದ 10 ಸಂಸದರ ಬೆಂಬಲಕ್ಕೆ ಪ್ರತಿಯಾಗಿ ಉತ್ತರ ಐರ್ಲೆಂಡಿಗೆ 100 ಕೋಟಿ ಪೌಂಡ್ ಒಪ್ಪಿಕೊಂಡರು. ಇದು ಸೂತ್ರದ ಹೊರಗಿನ ಹಣ. ಲೆಕ್ಕ ಕೇಳಬೇಕಾದ ಸದನಕ್ಕೆ ಆಗ ಬೀಗ ಬಿದ್ದಿತ್ತು.

ಬಾರ್ನೆಟ್ ಸೂತ್ರವನ್ನು ಬೈಯುವವರಲ್ಲಿ ಒಂದು ಬಣದ ಉದ್ದೇಶ ಬೇರೆಯೇ ಇದೆ ಎಂಬುದನ್ನೂ ಮರೆಯುವಂತಿಲ್ಲ. ‘ನಮ್ಮ ತೆರಿಗೆ ತಿಂದು ಕೊಬ್ಬಿದವರು’ ಎಂದು ಸ್ಕಾಟ್ಲೆಂಡಿನ ಜನರತ್ತ ಬೊಟ್ಟು ಮಾಡುವುದು ಅವರಿಗೆ ಸುಲಭ. ತಪ್ಪು ಪಡೆದವರದ್ದಲ್ಲ. ಇಷ್ಟು ಏಕೆ, ಅಷ್ಟು ಏಕಿಲ್ಲ ಎಂಬುದಕ್ಕೆ ಕಾರಣವನ್ನು ಬರೆದಿಡದ ವ್ಯವಸ್ಥೆಯದ್ದು.

ಈ ದೃಷ್ಟಿಯಿಂದ ಭಾರತದ ಸಂವಿಧಾನ ಒಂದು ಹೆಜ್ಜೆ ಮುಂದಿದೆ. 280ನೇ ವಿಧಿಯ ಹಣಕಾಸು ಆಯೋಗ ಕಾರಣ ಬರೆಯಬೇಕು, ಆ ವರದಿ ಸಂಸತ್ತಿನ ಮುಂದೆ ಬರಬೇಕು. 14ನೇ ಆಯೋಗದಲ್ಲಿ 4.713ರಷ್ಟಿದ್ದ ಕರ್ನಾಟಕದ ಶೇಕಡಾವಾರು ಪಾಲು 15ನೆಯದರಲ್ಲಿ 3.647ಕ್ಕೆ ಇಳಿದಾಗ ವಾದಿಸಲು ಒಂದು ದಾಖಲೆಯಾದರೂ ಕೈಯಲ್ಲಿತ್ತು. ಹಾಗೆಂದು ಎಲ್ಲವೂ ನೆಟ್ಟಗಿಲ್ಲ. ಸೆಸ್, ಸರ್‌ಚಾರ್ಜ್‌ಗಳು ಹಂಚಿಕೆಯ ಹೊರಗೇ ಉಳಿಯುತ್ತವೆ. ಆಯೋಗ ಕರ್ನಾಟಕಕ್ಕೆ ಶಿಫಾರಸು ಮಾಡಿದ್ದ 5,495 ಕೋಟಿ ರೂಪಾಯಿಯ ವಿಶೇಷ ಅನುದಾನವನ್ನು ಕೇಂದ್ರ ಕೊಡಲಿಲ್ಲ.

2024ರ ಫೆಬ್ರವರಿ 7ರಂದು ಕರ್ನಾಟಕದ ಮುಖ್ಯಮಂತ್ರಿ, ಮಂತ್ರಿಗಳು, ಶಾಸಕರು ಜಂತರ್ ಮಂತರ್‌ನಲ್ಲಿ ಧರಣಿ ಕುಳಿತು ದೆಹಲಿಯ ಲೆಕ್ಕ ಕೇಳಿದರು. ಕೇಳಿದ್ದು ನ್ಯಾಯವೇ. ಅದೇ ದಿನ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಚುನಾಯಿತ ಸದಸ್ಯರಿಲ್ಲದೆ ಮೂರು ವರ್ಷ ದಾಟಿತ್ತು. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೂ ಚುನಾವಣೆ ನಡೆದಿರಲಿಲ್ಲ. ಅಬ್ದುಲ್ ನಜೀರ್ ಸಾಬರು ಮುಂದೆ ನಿಂತು ರೂಪಿಸಿದ 1983ರ ಕಾಯಿದೆಯಂತೆ ಜಿಲ್ಲಾ ಪರಿಷತ್ತುಗಳನ್ನು ಕಟ್ಟಿ ದೇಶಕ್ಕೇ ದಾರಿ ತೋರಿಸಿದ ರಾಜ್ಯ ಅದು. ಅನುದಾನ ಜಿಲ್ಲೆಗೆ ಇಳಿಯುತ್ತಲೇ ಇತ್ತು, ಕಡತಕ್ಕೆ ಸಹಿ ಹಾಕುತ್ತಿದ್ದವರು ಆಡಳಿತಾಧಿಕಾರಿಗಳು.