ಹೆದರಿಕೆಯೂ ಸೈಕಲ್ ಸವಾರಿಯೂ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೊದಲು ಹೆದರಿ ಹಿಂಜರಿದು, ಆಮೇಲೆ ಧೈರ್ಯ ಮಾಡಿ ನೋಡಿದ ಸಾಹಸಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಸಾಹಸ ಎಂದೊಡನೆ ನಿಮಗೆಲ್ಲ ಎವರೆಸ್ಟ್ ಏರಿದವರು, ಚಂದ್ರನ ಮೇಲೆ ಕಾಲಿಟ್ಟವರು ನೆನಪಾಗುತ್ತಾರೆ. ಅವರ ವಿಷಯ ನಿಮ್ಮ ಪಠ್ಯಪುಸ್ತಕಗಳಲ್ಲಿ ಬೇಕಾದಷ್ಟಿದೆ. ನಾನು ಇವತ್ತು ಹೇಳಹೊರಟಿರುವುದು ಸೈಕಲ್ಲಿನ ಕಥೆ. ಹಿಂದಿನ ಸಾಲಿನ ಹುಡುಗರು ಈಗಾಗಲೇ ನಗುತ್ತಿದ್ದಾರೆ. ನಗಲಿ. ಸೈಕಲ್ ಅವರಿಗೆ ಸಾಹಸವಲ್ಲ. ಆದರೆ ಅವರ ಪಕ್ಕದಲ್ಲಿ ಕುಳಿತಿರುವ ಅವರ ತಾಯಂದಿರನ್ನು ಒಮ್ಮೆ ಕೇಳಿ ನೋಡಿ.

ತಮಿಳುನಾಡಿನಲ್ಲಿ ಪುದುಕೋಟೆ ಎಂಬ ಜಿಲ್ಲೆಯಿದೆ. ತಿರುಚಿನಾಪಳ್ಳಿಯ ದಕ್ಷಿಣಕ್ಕೆ, ಮಳೆ ಕಡಿಮೆಯಿರುವ, ಬಡತನ ಹೆಚ್ಚಿರುವ ನಾಡು. 1991ರ ಸುಮಾರಿಗೆ ಅಲ್ಲಿ ಸಾಕ್ಷರತಾ ಆಂದೋಲನ ಶುರುವಾಯಿತು. ಅದರ ಹೆಸರು ‘ಅರಿವೊಳಿ ಇಯಕ್ಕಂ’. ತಮಿಳಾದರೂ ನಮಗೆ ಅರ್ಥ ಹೇಳಿಕೊಡಬೇಕಾಗಿಲ್ಲ, ಅರಿವಿನ ಬೆಳಕಿನ ಚಳವಳಿ. ಅಕ್ಷರ ಕಲಿಸಲು ಸ್ವಯಂಸೇವಕಿಯರು ಸಿಕ್ಕಿದರು. ಆದರೆ ಅವರು ಒಳಹಳ್ಳಿಗಳಿಗೆ ಹೋಗುವುದು ಹೇಗೆ? ಬಸ್ಸು ಬರುವುದು ನಾಲ್ಕೈದು ಕಿಲೋಮೀಟರು ಆಚೆ. ಅಲ್ಲಿಗೆ ತಲುಪಿಸಲು ತಂದೆಯೋ ಅಣ್ಣನೋ ಗಂಡನೋ ಬೇಕು. ಆಗ ಅಲ್ಲಿನ ಜಿಲ್ಲಾಧಿಕಾರಿಯಾಗಿದ್ದ ಶೀಲಾ ರಾಣಿ ಚುಂಕತ್ ಅವರಿಗೆ ಒಂದು ಯೋಚನೆ ಹೊಳೆಯಿತು. ಓದು ಬರಹದ ಜೊತೆಗೆ ಸೈಕಲ್ ತುಳಿಯುವುದನ್ನೂ ಪಾಠವಾಗಿಯೇ ಸೇರಿಸಿದರು. ಸೈಕಲ್ ಕೊಳ್ಳಲು ಹೆಂಗಸರಿಗೆ ಸಾಲ ಕೊಡುವಂತೆ ಬ್ಯಾಂಕುಗಳಿಗೂ ಹೇಳಿದರು.

ಕಲಿಯಲು ಬಂದವರು ಯಾರು? ಹೊಲದ ಕೂಲಿಯವರು, ಕಲ್ಲುಕ್ವಾರಿಯಲ್ಲಿ ದುಡಿಯುವವರು, ಅಂಗನವಾಡಿಯವರು, ಹರಳು ಕೊಯ್ಯುವ ಹುಡುಗಿಯರು, ಹಳ್ಳಿಯ ನರ್ಸುಗಳು, ಶಾಲೆಯ ಟೀಚರುಗಳು. ಇವರಲ್ಲಿ ಮುಸ್ಲಿಂ ಹೆಣ್ಣುಮಕ್ಕಳೂ ಇದ್ದರು. ಇವರಿಗೆಲ್ಲ ಇದ್ದ ಭಯ ಎಂಥದು ಎಂದು ಸ್ವಲ್ಪ ಯೋಚಿಸಿ. ಬಿದ್ದರೆ ಮಂಡಿ ತರಚುತ್ತದೆ ಎಂಬುದು ಅದರಲ್ಲಿ ಬಹಳ ಚಿಕ್ಕದು. ಕೈ ಮುರಿದರೆ ನಾಳೆಯ ಕೂಲಿ ಯಾರು ಕೊಡುತ್ತಾರೆ ಎಂಬುದು ಅದಕ್ಕಿಂತ ದೊಡ್ಡದು. ಎಲ್ಲಕ್ಕಿಂತ ದೊಡ್ಡದು, ನೋಡಿದವರು ಏನೆನ್ನುತ್ತಾರೆ ಎಂಬುದು. ಬೀದಿಯಲ್ಲಿ ಸೈಕಲ್ ತುಳಿಯುವ ಹೆಂಗಸಿನ ಬಗ್ಗೆ ಆಡುವ ಮಾತುಗಳು ಎಲ್ಲ ಭಾಷೆಗಳಲ್ಲೂ ಒಂದೇ ತರಹ ಇರುತ್ತವೆ.

ಇದು ನಮ್ಮ ದೇಶದ ಹಣೆಬರಹ ಮಾತ್ರ ಎಂದುಕೊಳ್ಳಬೇಡಿ. 1890ರ ದಶಕದಲ್ಲಿ ಇಂಗ್ಲೆಂಡ್, ಅಮೆರಿಕಗಳಲ್ಲಿ ಹೆಂಗಸರು ಸೈಕಲ್ ಹತ್ತಿದಾಗ ಕೆಲವು ಡಾಕ್ಟರುಗಳೇ ಹೆದರಿಸಿದರು. ಸೈಕಲ್ ತುಳಿದರೆ ಮುಖ ಬಿಗಿದು ವಿಕಾರವಾಗುತ್ತದೆಯಂತೆ. ಅದಕ್ಕೆ ‘ಸೈಕಲ್ ಮುಖ’ ಎಂಬ ರೋಗದ ಹೆಸರನ್ನೂ ಇಟ್ಟರು! ಫ್ರಾನ್ಸಿಸ್ ವಿಲ್ಲಾರ್ಡ್ ಎಂಬ ಹೆಸರಾಂತ ಅಮೆರಿಕನ್ ಸಮಾಜ ಸುಧಾರಕಿ ತಮ್ಮ 53ನೇ ವಯಸ್ಸಿನಲ್ಲಿ ಸೈಕಲ್ ಕಲಿತರು. ದಿನಕ್ಕೆ ಕಾಲು ಗಂಟೆಯಂತೆ ಸುಮಾರು 3 ತಿಂಗಳು ಹಿಡಿಯಿತು. ಆ ಅನುಭವವನ್ನೇ 1895ರಲ್ಲಿ ಪುಸ್ತಕವಾಗಿ ಬರೆದರು. ಸಾವಿರಾರು ಜನರೆದುರು ಭಾಷಣ ಮಾಡಿ ಪಳಗಿದ ಮಹಿಳೆಗೆ ಎರಡು ಚಕ್ರ ಅಷ್ಟು ದಿನ ಪಾಠ ಹೇಳಿತು.

ಇಲ್ಲಿ ವಿಜ್ಞಾನ ಓದುವ ಮಕ್ಕಳಿಗಾಗಿ ಒಂದು ಮಾತು. ಸೈಕಲ್ ಎಡಕ್ಕೆ ವಾಲಿದರೆ ಹ್ಯಾಂಡಲ್ಲನ್ನು ಯಾವ ಕಡೆ ತಿರುಗಿಸಬೇಕು? ಹೊಸಬರು ಬಲಕ್ಕೆ ತಿರುಗಿಸುತ್ತಾರೆ, ಬೀಳುತ್ತಾರೆ. ವಾಲಿದ ಎಡಕ್ಕೇ ತಿರುಗಿಸಬೇಕು. ಆಗ ಚಕ್ರಗಳು ಮೈಭಾರದ ಅಡಿಗೆ ಬಂದು ಸೈಕಲ್ ನೆಟ್ಟಗಾಗುತ್ತದೆ. ಹಾಗೆಯೇ, ಹೆದರಿ ನಿಧಾನ ಮಾಡಿದಷ್ಟೂ ವಾಲಾಟ ಹೆಚ್ಚು. ಸ್ವಲ್ಪ ವೇಗ ಸಿಕ್ಕಿದರೆ ತಾನಾಗಿ ನಿಲ್ಲುತ್ತದೆ. ಇದನ್ನು ದಡದಲ್ಲಿ ನಿಂತು ಎಷ್ಟು ವಿವರಿಸಿದರೂ ತಲೆಗೆ ಹೋಗುವುದಿಲ್ಲ. ಮೈಗೆ ಒಮ್ಮೆ ಗೊತ್ತಾದರೆ ಸಾಯುವ ತನಕ ಮರೆಯುವುದಿಲ್ಲ. ಹಾಗಾಗಿಯೇ ಕಲಿಯುವ ಮೊದಲು ಇದ್ದ ಭಯ ಎಂಥದಾಗಿತ್ತೆಂದು ಕಲಿತವರನ್ನು ಕೇಳಿದರೆ ಅವರಿಗೆ ಸರಿಯಾಗಿ ಹೇಳಲಿಕ್ಕೂ ಆಗುವುದಿಲ್ಲ.

ಮತ್ತೆ ಪುದುಕೋಟೆಗೆ ಬರೋಣ. ಅಲ್ಲಿ ನನಗೆ ಮುಖ್ಯವೆನಿಸುವುದು ಕಲಿತ ರೀತಿ. ಒಬ್ಬೊಬ್ಬಳೇ ಕದ್ದು ಮುಚ್ಚಿ ಕಲಿಯಲಿಲ್ಲ. ತರಬೇತಿಗೆ ದಿನ ಗೊತ್ತು ಮಾಡಿ, ಹಳ್ಳಿಯ ಹೆಂಗಸರು ಹಬ್ಬಕ್ಕೆ ಹೊರಟವರಂತೆ ಒಳ್ಳೆಯ ಸೀರೆಯುಟ್ಟು ಗುಂಪಾಗಿ ಬಂದರು. ಕಲಿತವರೇ ಮುಂದೆ ಕಲಿಸುವವರಾದರು, ಅದೂ ಬಿಟ್ಟಿಯಾಗಿ. ಊರಿನಲ್ಲಿ ಒಬ್ಬಳೇ ಸೈಕಲ್ ತುಳಿದರೆ ಅವಳ ಹೆಸರು ಕೆಡುತ್ತದೆ. ನೂರು ಜನ ತುಳಿದರೆ ಯಾರ ಹೆಸರೆಂದು ಕೆಡಿಸುತ್ತೀರಿ? ಆಡಿಕೊಳ್ಳುವವನ ಮನೆಯವಳೇ ಆ ನೂರರಲ್ಲಿ ಒಬ್ಬಳಾಗಿರುತ್ತಾಳೆ.

ಲೇಡೀಸ್ ಸೈಕಲ್ ಸಾಲದೆ ಹೋದಾಗ ಅವರು ಗಂಡಸರ ಸೈಕಲನ್ನೇ ಹತ್ತಿದರು. ಕೆಲವರಿಗೆ ಅದೇ ಹೆಚ್ಚು ಇಷ್ಟವಾಯಿತು. ಕಾರಣ ಕೇಳಿದರೆ ನಿಮಗೂ ಹೌದೆನ್ನಿಸುತ್ತದೆ: ಸೀಟಿನಿಂದ ಹ್ಯಾಂಡಲ್‌ವರೆಗೆ ಇರುವ ಆ ಅಡ್ಡ ಬಾರಿನ ಮೇಲೆ ಮಗುವನ್ನು ಕೂರಿಸಬಹುದಲ್ಲ! 1992ರ ಮಹಿಳಾ ದಿನದಂದು 1,500ಕ್ಕೂ ಹೆಚ್ಚು ಹೆಂಗಸರು ಬೆಲ್ ಬಾರಿಸುತ್ತ ಪುದುಕೋಟೆ ಪೇಟೆಯಲ್ಲಿ ಸೈಕಲ್ ಮೆರವಣಿಗೆ ಹೊರಟರು. ಆ ಜಿಲ್ಲೆಗೆ ಹೋಗಿ ನೋಡಿ ಬರೆದ ಪತ್ರಕರ್ತ ಪಿ. ಸಾಯಿನಾಥ್ ಅವರ ಲೆಕ್ಕದಂತೆ, ಹೀಗೆ ಸೈಕಲ್ ಕಲಿತ ಹಳ್ಳಿಯ ಹೆಂಗಸರ ಸಂಖ್ಯೆ 1 ಲಕ್ಷ ದಾಟಿತ್ತು. ನೀರಿನ ಕೊಡ ಕ್ಯಾರಿಯರಿಗೆ ಬಂತು. ಬಸ್ಸಿಗಾಗಿ ಕಾಯುವ ಹೊತ್ತು ಉಳಿಯಿತು. ಬೆಳೆದದ್ದನ್ನು ಹತ್ತಿರದ ನಾಲ್ಕು ಹಳ್ಳಿಗಳಿಗೆ ತಾವೇ ಒಯ್ದು ಮಾರುವುದು ಸಾಧ್ಯವಾಯಿತು. ಶುರುವಿನಲ್ಲಿ ಕೊಳಕು ಮಾತು ಕೇಳಿಸಿಕೊಂಡ ಒಬ್ಬ ಮುಸ್ಲಿಂ ಯುವತಿ ತಾನು ಅದಕ್ಕೆ ಕಿವಿಗೊಡಲೇ ಇಲ್ಲವೆಂದೂ ಇದು ತನ್ನ ಹಕ್ಕೆಂದೂ ಅವರಿಗೆ ತಿಳಿಸಿದ್ದಳು.

ಎಲ್ಲವೂ ಸುಖಾಂತವಾಯಿತು ಎಂದು ಹೇಳಿ ಚಪ್ಪಾಳೆ ಗಿಟ್ಟಿಸಲು ನನಗೆ ಮನಸ್ಸಿಲ್ಲ. 1995ರಲ್ಲಿ ಸಾಯಿನಾಥ್ ಮತ್ತೆ ಅಲ್ಲಿಗೆ ಹೋದಾಗ ಉತ್ಸಾಹವೇನೋ ಹಾಗೆಯೇ ಇತ್ತು, ಆದರೆ ಸುಮಾರು 1,400 ರೂಪಾಯಿ ಬೆಲೆಯ ಸೈಕಲ್ ಕೊಳ್ಳುವ ಶಕ್ತಿ ಬಹಳ ಜನರಿಗೆ ಇರಲಿಲ್ಲ. ಹೆದರಿಕೆಯನ್ನು ಓಡಿಸಿದ ಕೈಗಳಿಗೆ ಹಣದ ಬಾಗಿಲು ತೆರೆಯಲಾಗಲಿಲ್ಲ.

ಹಣದ ತೊಡಕು ಸ್ವಲ್ಪ ನೀಗಿದರೆ ಏನಾಗುತ್ತದೆ ಎಂಬುದನ್ನು ಬಿಹಾರದಲ್ಲಿ ಕಾಣಬಹುದು. ಅಲ್ಲಿ 2006ರಲ್ಲಿ 9ನೇ ತರಗತಿ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು 2,000 ರೂಪಾಯಿ ಕೊಡುವ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಪಕ್ಕದ ಜಾರ್ಖಂಡಿನೊಂದಿಗೆ ಹೋಲಿಸಿ ನೋಡಿದರು. ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣ ಸುಮಾರು 32 ಶೇಕಡಾ ಏರಿತ್ತು. ಈ ಏರಿಕೆ ಹೆಚ್ಚಾಗಿ ಕಂಡದ್ದು ಹೈಸ್ಕೂಲು 3 ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ. ನಮ್ಮ ರಾಜ್ಯದಲ್ಲೂ 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ಕೋವಿಡ್ ಕಾಲದಲ್ಲಿ ಅದಕ್ಕೆ ತಡೆ ಬಿತ್ತು.

ವಿದ್ಯಾರ್ಥಿನಿಯರೇ, ಇನ್ನೊಬ್ಬಳ ಹೆಸರು ನೆನಪಿಟ್ಟುಕೊಳ್ಳಿ: ಮಾಸೂಮಾ ಅಲಿ ಜಾದಾ. ಅಫ್ಘಾನಿಸ್ತಾನದ ಹುಡುಗಿ. ಕಾಬೂಲಿನ ಬೀದಿಗಳಲ್ಲಿ ಸೈಕಲ್ ಅಭ್ಯಾಸ ಮಾಡಿದ್ದಕ್ಕಾಗಿ ಬಹಳ ಹಿಂಸೆ ಅನುಭವಿಸಿದಳು, ಕೊನೆಗೆ ಮನೆಯವರೊಂದಿಗೆ ಫ್ರಾನ್ಸಿನಲ್ಲಿ ಆಶ್ರಯ ಪಡೆದಳು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಿರಾಶ್ರಿತರ ತಂಡದ ಪರವಾಗಿ ಸೈಕಲ್ ಓಡಿಸಿದಳು. ತಲೆವಸ್ತ್ರದ ಮೇಲೆ ಹೆಲ್ಮೆಟ್ ಧರಿಸಿ. ಪದಕ ಬರಲಿಲ್ಲ. ಆದರೂ ಅವಳ ಹೆಸರನ್ನೇ ಹೇಳುತ್ತಿದ್ದೇನೆ, ಗೆದ್ದವಳ ಹೆಸರನ್ನಲ್ಲ.

ಈಗ ಹೆತ್ತವರ ಕಡೆಗೆ ತಿರುಗುತ್ತೇನೆ. 7ನೇ ತರಗತಿ ಮುಗಿದೊಡನೆ ಮಗಳನ್ನು ಶಾಲೆ ಬಿಡಿಸಿದ ಮನೆಗಳು ನಮ್ಮಲ್ಲಿ ಇವೆ. ಕಾರಣ ಕೇಳಿದರೆ ‘ಹೈಸ್ಕೂಲು ದೂರ’ ಎನ್ನುತ್ತಾರೆ. ದೂರ ಎಷ್ಟು? ಹೆಚ್ಚೆಂದರೆ ನಾಲ್ಕು ಕಿಲೋಮೀಟರು, ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ. ‘ಒಬ್ಬಳೇ ಹೇಗೆ ಕಳಿಸುವುದು’ ಎಂಬ ನಿಮ್ಮ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದು ಸುಳ್ಳು ಭಯವಲ್ಲ. ಒಬ್ಬಳನ್ನೇ ಕಳಿಸಬೇಡಿ, ಆರು ಜನರನ್ನು ಒಟ್ಟಿಗೆ ಕಳಿಸಿ.

ಸಂಘದ ಸದಸ್ಯರಲ್ಲಿ ನನ್ನ ಕೋರಿಕೆ ಇಷ್ಟೇ. ಶಾಲೆಯ ಮೈದಾನ ಭಾನುವಾರ ಬೆಳಿಗ್ಗೆ ಖಾಲಿಯಿರುತ್ತದೆ. ಹತ್ತು ಹಳೆಯ ಸೈಕಲ್‌ಗಳನ್ನು ರಿಪೇರಿ ಮಾಡಿಸಿ ಅಲ್ಲಿಡಿ. ಕ್ಯಾರಿಯರ್ ಹಿಡಿದು ಹಿಂದೆ ಓಡಲು ಈಗಾಗಲೇ ಸೈಕಲ್ ಬಲ್ಲ ನಾಲ್ಕು ಜನ ಅಕ್ಕಂದಿರು ಬೇಕು. ಕೈ ಎತ್ತಿ, ಹೆಸರು ಬರೆದುಕೊಳ್ಳಲು ಕಾರ್ಯದರ್ಶಿಯವರು ಪೆನ್ನು ಹಿಡಿದು ಕೂತಿದ್ದಾರೆ. ತಾಯಂದಿರೂ ಬರಬಹುದು. ವಿಲ್ಲಾರ್ಡ್ ಅವರಿಗೆ 53 ಆಗಿತ್ತು ಎಂದು ಆಗಲೇ ಹೇಳಿದ್ದೇನೆ.