ಕಲ್ಲಿನ ಧೂಳು ಮತ್ತು ಶ್ವಾಸಕೋಶ

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೊರಟವರಿಗೆ ಬಿಡದಿ ದಾಟಿದೊಡನೆ ಬಂಡೆಗಳ ನಾಡು ಎದುರಾಗುತ್ತದೆ. ರಾಮನಗರದ ರಾಮದೇವರ ಬೆಟ್ಟ, ಮಾಗಡಿಯ ಸಾವನದುರ್ಗ, ಚನ್ನಪಟ್ಟಣ ಕನಕಪುರಗಳ ಕಡೆಯ ಗುಡ್ಡಗಳು, ಇವೆಲ್ಲ ಬಹುಮಟ್ಟಿಗೆ ಒಂದೇ ಕಲ್ಲಿನ ಸಂತಾನ. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ಮನೆಯ ತಳಪಾಯದ ಸೈಜುಗಲ್ಲು, ಹೊಲದ ಬೇಲಿಯ ಕಲ್ಲುಕಂಬ, ರಸ್ತೆಗೆ ಹಾಸುವ ಜಲ್ಲಿ, ಎಲ್ಲವನ್ನೂ ಈ ಬಂಡೆ ಕೊಟ್ಟಿದೆ. ಆದರೆ ಅದನ್ನು ಒಡೆಯುವವನ ಎದೆಗೂಡಿಗೆ ಅದು ಏನನ್ನು ಕೊಡುತ್ತದೆ ಎಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ.

ಗ್ರಾನೈಟಿನಲ್ಲಿ ಸುಮಾರು ಕಾಲುಭಾಗ ಅಥವಾ ಅದಕ್ಕೂ ಹೆಚ್ಚು ಬೆಣಚು ಇರುತ್ತದೆ. ಬೆಣಚು ಎಂದರೆ ಸಿಲಿಕ. ಬಂಡೆಯಾಗಿ ಇರುವವರೆಗೆ ಅದರಿಂದ ಯಾರಿಗೂ ಕೇಡಿಲ್ಲ. ರಂಧ್ರ ಕೊರೆಯುವಾಗ, ಚಪ್ಪಡಿ ಕೊಯ್ಯುವಾಗ, ಕ್ರಷರಿನಲ್ಲಿ ಜಲ್ಲಿ ಮಾಡುವಾಗ ಅದು ಧೂಳಾಗಿ ಏಳುತ್ತದೆ. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗಿನಲ್ಲಿ, ಗಂಟಲಲ್ಲಿ ತಡೆದು ಕೆಮ್ಮಿನೊಡನೆ ಹೊರಬಿದ್ದೀತು. ಭಯಪಡಬೇಕಾದದ್ದು ಕಾಣದ ಧೂಳಿಗೆ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಐದು ಭಾಗಕ್ಕಿಂತಲೂ ಚಿಕ್ಕದಾದ ಕಣಗಳು ಶ್ವಾಸಕೋಶದ ತುತ್ತತುದಿಯ ಗಾಳಿಗೂಡುಗಳವರೆಗೂ ಇಳಿಯುತ್ತವೆ.

ಅಲ್ಲಿ ಏನಾಗುತ್ತದೆಂದು ತಿಳಿಯಬೇಕಾದರೆ ನಾರಿನ ವಿಚಾರ ಸ್ವಲ್ಪ ಹೇಳಬೇಕು. ಕೈ ಕೊಯ್ದುಕೊಂಡರೆ ಗಾಯ ಮಾಯುತ್ತದೆ, ಕಲೆ ಉಳಿಯುತ್ತದೆ. ಆ ಕಲೆ ನಾರಿನದು. ಹರಿದ ಕಡೆ ಕೊಲಾಜೆನ್ ಎಂಬ ಗಟ್ಟಿ ಎಳೆಗಳನ್ನು ಹೆಣೆದು ದೇಹ ತೇಪೆ ಹಾಕಿಕೊಳ್ಳುತ್ತದೆ. ಇದು ದೇಹದ ಉಪಕಾರವೇ ಹೊರತು ಅಪಕಾರವಲ್ಲ. ಗಾಯ ಒಂದು ಸಲ ಆಗಿ ನಿಂತರೆ ತೇಪೆಯೂ ಅಲ್ಲಿಗೆ ನಿಲ್ಲುತ್ತದೆ. ಗಾಯ ದಿನದಿನವೂ ಆಗುತ್ತಿದ್ದರೆ ತೇಪೆಯ ಮೇಲೆ ತೇಪೆ ಬಿದ್ದು ಮೂಲ ಬಟ್ಟೆಯೇ ಕಾಣದಂತಾಗುತ್ತದೆ. ಎಳೆಯ ಬೆಂಡೆಕಾಯಿ ಬಲಿತು ನಾರಾದರೆ ಆಕಾರ ಹಾಗೆಯೇ ಇರುತ್ತದೆ, ಅಡಿಗೆಗೆ ಮಾತ್ರ ಬರುವುದಿಲ್ಲ. ಅಂಗಗಳ ಪಾಡೂ ಹಾಗೆಯೇ. ಹೆಂಡದಿಂದಲೋ ಕಾಮಾಲೆಯ ಕೆಲವು ವೈರಸ್ಸುಗಳಿಂದಲೋ ವರ್ಷಗಟ್ಟಲೆ ನೊಂದ ಯಕೃತ್ತು ನಾರುಗಟ್ಟಿ ಗಂಟುಗಂಟಾಗುತ್ತದೆ. ಹೃದಯಾಘಾತದಲ್ಲಿ ಸತ್ತ ಸ್ನಾಯುವಿನ ಜಾಗಕ್ಕೆ ನಾರು ಬರುತ್ತದೆ, ಆದರೆ ನಾರು ಮಿಡಿಯಲಾರದು. ಅಡಿಕೆ, ಗುಟ್ಕಾ ಸದಾ ಅಗಿಯುವವರ ಕೆನ್ನೆಯ ಒಳಪದರ ನಾರುಗಟ್ಟಿ, ಬಾಯಿಗೆ ತುತ್ತು ಹೋಗುವುದೂ ಕಷ್ಟವಾಗುತ್ತದೆ.

ಈಗ ಗಾಳಿಗೂಡಿಗೆ ಮರಳೋಣ. ಹೊರಗಿನಿಂದ ಬಂದ ಕಸವನ್ನು ನುಂಗುವ ಕಾವಲು ಜೀವಕೋಶಗಳು ಅಲ್ಲಿವೆ. ಅವು ಸಿಲಿಕದ ಕಣವನ್ನೂ ನುಂಗುತ್ತವೆ. ಆದರೆ ಅದನ್ನು ಅರಗಿಸಲಾರದೆ ತಾವೇ ಸಾಯುತ್ತವೆ. ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಕಾವಲುಕೋಶ ಅದನ್ನು ನುಂಗಿ ಸಾಯುತ್ತದೆ. ಸಾಯುವ ಪ್ರತಿಯೊಂದು ಕೋಶವೂ ನಾರು ನೇಯುವ ಕೋಶಗಳನ್ನು ಕೂಗಿ ಕರೆದಂತಾಗುತ್ತದೆ. ಹೀಗೆ ಕಣದ ಸುತ್ತ ಈರುಳ್ಳಿಯ ಪದರದಂತೆ ನಾರು ಸುತ್ತಿಕೊಂಡು ಗಂಟಾಗುತ್ತದೆ. ಇದೇ ಸಿಲಿಕೋಸಿಸ್. ಕಣ ಕರಗುವುದಿಲ್ಲವಾದ್ದರಿಂದ ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು. ಸಾಮಾನ್ಯವಾಗಿ ಹತ್ತು ವರ್ಷದ ಮೇಲೆ ಇದು ತಲೆದೋರುತ್ತದೆ. ಧೂಳು ವಿಪರೀತವಾದರೆ ಅದಕ್ಕೂ ಬಹಳ ಮುಂಚೆಯೇ ಬರುವುದುಂಟು. ಮೊದಲು ಒಣಕೆಮ್ಮು, ಆಮೇಲೆ ದಿಬ್ಬ ಹತ್ತುವಾಗ ಏದುಸಿರು, ಕೊನೆಗೆ ಕುಳಿತಲ್ಲೇ ಏದುಸಿರು. ಬಿಗಿದ ಶ್ವಾಸಕೋಶಕ್ಕೆ ರಕ್ತವನ್ನು ನೂಕಿ ನೂಕಿ ಹೃದಯದ ಬಲಭಾಗವೂ ಸೋಲುತ್ತದೆ.

ಇದು ನಮ್ಮ ನಾಡಿಗೆ ಹೊಸದಲ್ಲ. ಕೋಲಾರದ ಚಿನ್ನ ಬೆಣಚಿನ ಸಿರಗಳಲ್ಲಿ ಅಡಗಿತ್ತು. ಭಾರತದಲ್ಲಿ ಈ ರೋಗದ ಮೊದಲ ವರದಿ 1934ರಲ್ಲಿ ಬಂದದ್ದು ಆ ಗಣಿಗಳಿಂದಲೇ. ಮೈಸೂರು ಸಂಸ್ಥಾನ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ಮಾಡಿತು. ಆ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಕಲ್ಲು ಒಡೆಯುವ ಕೆಲಸ ನಿಂತಿಲ್ಲ. ದೊಡ್ಡ ಗಣಿಯಲ್ಲಿ ಕೂಲಿಗಾರನ ಹೆಸರು ಪುಸ್ತಕದಲ್ಲಿರುತ್ತಿತ್ತು. ಇಂದು ಒಂದು ಕ್ವಾರಿಯಿಂದ ಇನ್ನೊಂದಕ್ಕೆ ಅಲೆಯುವ ಕೂಲಿಯ ಹೆಸರು ಎಲ್ಲಿಯೂ ಇಲ್ಲದಿರಬಹುದು.

ಇನ್ನೊಂದು ತೊಡಕುಂಟು. ಸಿಲಿಕೋಸಿಸ್ ಇದ್ದವನಿಗೆ ಕ್ಷಯ ಬೇಗ ಅಂಟುತ್ತದೆ. ಎರಡೂ ಕೆಮ್ಮಿಸುತ್ತವೆ, ಎರಡೂ ಎಕ್ಸ್‌ರೇಯಲ್ಲಿ ಎದೆಯ ಮೇಲ್ಭಾಗದಲ್ಲೇ ನೆರಳು ತೋರಿಸುತ್ತವೆ. ಕ್ಷಯವೆಂದೇ ತಿಳಿದು ಔಷಧಿ ಮುಗಿಸಿ, ಮತ್ತೆ ಅದೇ ಧೂಳಿಗೆ ಮರಳುವವರುಂಟು. ಆದ್ದರಿಂದ ಆಸ್ಪತ್ರೆಗೆ ಹೋದಾಗ “ಕೆಮ್ಮು” ಎಂದಷ್ಟೇ ಹೇಳಬೇಡಿ. “ಇಷ್ಟು ವರ್ಷ ಕಲ್ಲಿನ ಕೆಲಸ ಮಾಡಿದ್ದೇನೆ” ಎಂದು ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಒಂದು ಸಾಲು ಸರಿಯಾದ ಚಿಕಿತ್ಸೆಗೂ ಬೇಕು, ಪರಿಹಾರ ಕೇಳುವುದಕ್ಕೂ ಬೇಕು.

ಈ ನಾರನ್ನು ಕರಗಿಸಿ ಮೊದಲಿನ ಶ್ವಾಸಕೋಶವನ್ನು ಮರಳಿಸುವ ಮದ್ದಿಲ್ಲ. ತಡೆಯುವುದೊಂದೇ ದಾರಿ, ಆ ದಾರಿಗೆ ಮುಖ್ಯವಾಗಿ ಬೇಕಾದದ್ದು ನೀರು. ಕೊರೆಯುವ ಕಡೆ, ಕೊಯ್ಯುವ ಕಡೆ, ಕ್ರಷರಿನ ಬಾಯಿಗೆ ನೀರು ಬಿಟ್ಟರೆ ಧೂಳು ಹುಟ್ಟಿದಲ್ಲೇ ಅಡಗುತ್ತದೆ. ಯಂತ್ರಕ್ಕೆ ಮರೆಕಟ್ಟಿ ಧೂಳನ್ನು ಹೀರಿ ತೆಗೆಯುವ ಏರ್ಪಾಡು ಮಾಡಬೇಕು. ಇದು ಮಾಲೀಕರ ಹೊಣೆ. ಮುಖಕ್ಕೆ ಕಟ್ಟಿದ ಟವೆಲ್ಲು ಸಣ್ಣ ಕಣವನ್ನು ತಡೆಯದು, ಅದಕ್ಕೆಂದೇ ಮಾಡಿದ, ಮುಖಕ್ಕೆ ಸರಿಯಾಗಿ ಕೂರುವ ಮುಖವಾಡ ಬೇಕು. ಒಣಧೂಳನ್ನು ಗುಡಿಸಬಾರದು. ಧೂಳಿನ ಬಟ್ಟೆಯಲ್ಲಿ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳಬಾರದು. ಬೀಡಿಯನ್ನು ಬಿಡಬೇಕು. ಕಾಲಕಾಲಕ್ಕೆ ಎದೆಯ ಎಕ್ಸ್‌ರೇ, ಉಸಿರಿನ ಬಲದ ಪರೀಕ್ಷೆ, ಕಫದ ಪರೀಕ್ಷೆ ಆಗಬೇಕು.

ಹೊಸ ರಸ್ತೆಗಳಿಗೆ, ಹೊಸ ಮನೆಗಳಿಗೆ ಕಲ್ಲು ಬೇಕೇ ಬೇಕು. ಕಲ್ಲಿನ ಬೆಲೆ ಕಟ್ಟುವಾಗ ಕ್ರಷರಿಗೆ ಬಿಡುವ ನೀರಿನ ಖರ್ಚನ್ನೂ ಅದರಲ್ಲಿ ಸೇರಿಸಿದರೆ, ಆ ಬೆಲೆಯನ್ನು ಕೂಲಿಯವನು ತನ್ನ ಉಸಿರಿನಿಂದ ತೆರಬೇಕಾಗುವುದಿಲ್ಲ.